ಸಂಶೋಧನೆಗೆ ಯಾವ ವಿಶ್ವವಿದ್ಯಾನಿಲಯ ಎಷ್ಟು ಖರ್ಚು ಮಾಡುತ್ತದೆ? ಸುರತ್ಕಲ್, ಮಣಿಪಾಲ, ಕೊಣಾಜೆಯ ಲೆಕ್ಕ ನೋಡುವ ಬಗೆ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಉಡುಪಿಯಲ್ಲಿದ್ದೇನೆ. ಮಗಳು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ, ಪಿಎಚ್‌ಡಿ ಮಾಡಬೇಕೆಂದಿದ್ದಾಳೆ. ಅಮೆರಿಕದಲ್ಲಿ ಯಾವ ವಿಶ್ವವಿದ್ಯಾನಿಲಯ ಸಂಶೋಧನೆಗೆ ಎಷ್ಟು ಖರ್ಚು ಮಾಡಿತು ಅಂತ ಪ್ರತಿ ವರ್ಷ ಪಟ್ಟಿ ಬರುತ್ತದಂತೆ. ನಮ್ಮ ದೇಶದಲ್ಲೂ ಅಂಥದ್ದು ಇದೆಯೇ? ಅದರಲ್ಲಿ ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಎಲ್ಲಿ ನಿಲ್ಲುತ್ತವೆ? ಜಾಸ್ತಿ ಖರ್ಚು ಮಾಡುವ ಕಡೆಗೇ ಮಗಳನ್ನು ಸೇರಿಸುವುದು ಒಳ್ಳೆಯದಲ್ವಾ?

ಉತ್ತರ: ನೀವು ಕೇಳಿದಂಥ ಪಟ್ಟಿ ನಮ್ಮಲ್ಲಿಲ್ಲ. ಅದರ ಹತ್ತಿರಕ್ಕೆ ಬರುವ ಒಂದು ದಾಖಲೆ ಇದೆ. ಅದು ಯಾರಿಗೆ ಬೇಕಾದರೂ ಸಿಗುತ್ತದೆ, ಓದುವವರು ಮಾತ್ರ ಕಡಿಮೆ. ಮೂರೂ ಸಂಸ್ಥೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದು, ಎರಡು, ಮೂರು ಅಂತ ನಂಬರ್ ಕೊಡಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ವರ್ಷಗಟ್ಟಲೆ ಪ್ರಾಜೆಕ್ಟ್ ಲೆಕ್ಕದ ಫೈಲು ನೋಡಿದವನಾದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಅಮೆರಿಕದ ಪಟ್ಟಿಯಿಂದಲೇ ಶುರು ಮಾಡೋಣ. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ 1972ರಿಂದ ಪ್ರತಿ ವರ್ಷ ವಿಶ್ವವಿದ್ಯಾನಿಲಯಗಳನ್ನು ಕೇಳಿ ಈ ಲೆಕ್ಕ ತೆಗೆಯುತ್ತಿದೆ. ಈಗ ಅದಕ್ಕೆ ಹರ್ಡ್ ಸರ್ವೆ ಅನ್ನುತ್ತಾರೆ. 900ಕ್ಕೂ ಹೆಚ್ಚು ಸಂಸ್ಥೆಗಳು ಉತ್ತರ ಕೊಡುತ್ತವೆ. 2023ನೇ ಹಣಕಾಸು ವರ್ಷದಲ್ಲಿ ಎಲ್ಲ ಸೇರಿ ಖರ್ಚು ಮಾಡಿದ್ದು ಸುಮಾರು 10,880 ಕೋಟಿ ಡಾಲರ್. ಮೊದಲ ಸ್ಥಾನ ಜಾನ್ಸ್ ಹಾಪ್‌ಕಿನ್ಸ್‌ಗೆ, ಸುಮಾರು 380 ಕೋಟಿ ಡಾಲರ್. ನಮ್ಮ ದುಡ್ಡಿನಲ್ಲಿ 31 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಎರಡನೆಯದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ. ಅದು ಸುಮಾರು 200 ಕೋಟಿ ಡಾಲರ್‌ನಲ್ಲೇ ನಿಂತಿದೆ. ಒಂದನೆಯವರಿಗೂ ಎರಡನೆಯವರಿಗೂ ಇಷ್ಟು ಅಂತರವೇ ಅಂತ ಅನುಮಾನ ಬರಬೇಕು. ಹತ್ತಾರು ವರ್ಷಗಳಿಂದ ಹಾಪ್‌ಕಿನ್ಸ್ ಈ ಜಾಗ ಬಿಟ್ಟುಕೊಟ್ಟಿಲ್ಲ.

ಗುಟ್ಟು ಇಷ್ಟೇ. ಹಾಪ್‌ಕಿನ್ಸ್‌ನ ಅಡಿಯಲ್ಲಿ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿ ಅಂತ ಒಂದು ದೊಡ್ಡ ಸಂಸ್ಥೆ ಇದೆ. ಅಮೆರಿಕದ ರಕ್ಷಣಾ ಇಲಾಖೆ, ನಾಸಾ ಇವರ ಕೆಲಸವೇ ಅಲ್ಲಿ ಮುಖ್ಯ. ಪ್ಲೂಟೋ ಹತ್ತಿರ ಹೋದ ನ್ಯೂ ಹೊರೈಜನ್ಸ್ ನೌಕೆ ಅವರದ್ದೇ. ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದ ಡಾರ್ಟ್ ನೌಕೆಯೂ ಅವರದ್ದೇ. ಹಾಪ್‌ಕಿನ್ಸ್‌ನ ಒಟ್ಟು ಮೊತ್ತದಲ್ಲಿ ಈ ಲ್ಯಾಬಿನದು ತುಂಬ ದೊಡ್ಡ ಪಾಲು. ಈಗ ಕ್ಯಾಲ್‌ಟೆಕ್ ನೋಡಿ. ಮಂಗಳಕ್ಕೆ ರೋವರ್ ಕಳಿಸುವ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯನ್ನು ನಡೆಸುವುದು ಕ್ಯಾಲ್‌ಟೆಕ್. ಆದರೆ ಕಾನೂನಿನ ಪ್ರಕಾರ ಅದು ಸರಕಾರದ ದುಡ್ಡಿನ ಬೇರೆ ವರ್ಗದ ಕೇಂದ್ರ. ಹಾಗಾಗಿ ಅದರ ಖರ್ಚು ಕ್ಯಾಲ್‌ಟೆಕ್ ಹೆಸರಿನಲ್ಲಿ ಬರುವುದೇ ಇಲ್ಲ. ಎಂಐಟಿಯ ಲಿಂಕನ್ ಲ್ಯಾಬಿನದೂ ಅದೇ ಕತೆ. ಕೆಲಸ ಹೆಚ್ಚುಕಡಿಮೆ ಒಂದೇ ಬಗೆಯದು. ಒಂದು ಕಡೆ ಪಟ್ಟಿಯ ಒಳಗೆ, ಇನ್ನೊಂದು ಕಡೆ ಹೊರಗೆ.

ಎರಡನೇ ಸ್ಥಾನದ ಸಂಸ್ಥೆಯೂ ಒಂದು ಪಾಠವೇ. ಅಲ್ಲಿ ಪದವಿ ತರಗತಿಗಳೇ ಇಲ್ಲ. ಬರೀ ವೈದ್ಯಕೀಯ, ದಂತ, ಔಷಧ, ನರ್ಸಿಂಗ್ ಮತ್ತು ಅದಕ್ಕೆ ಸಂಬಂಧಪಟ್ಟ ವಿಜ್ಞಾನ. ಅಮೆರಿಕದ ವಿಶ್ವವಿದ್ಯಾನಿಲಯಗಳ ಸಂಶೋಧನಾ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜೀವವಿಜ್ಞಾನ, ವೈದ್ಯಕೀಯಕ್ಕೇ ಹೋಗುತ್ತದೆ. ಮೆಡಿಕಲ್ ಕಾಲೇಜು ಇದ್ದವರು ಮೇಲೆ, ಇಲ್ಲದವರು ಕೆಳಗೆ. ಮಣಿಪಾಲವನ್ನೂ ಸುರತ್ಕಲ್ಲನ್ನೂ ಪಕ್ಕಪಕ್ಕ ಇಡುವ ಮೊದಲು ಇದನ್ನು ನೆನಪಿಡಿ. ಒಂದರಲ್ಲಿ 1953ರಲ್ಲಿ ಶುರುವಾದ ಮೆಡಿಕಲ್ ಕಾಲೇಜಿದೆ. ಇನ್ನೊಂದು 1960ರಲ್ಲಿ ಕೆಆರ್‌ಇಸಿ ಆಗಿ ಹುಟ್ಟಿದ ಎಂಜಿನಿಯರಿಂಗ್ ಸಂಸ್ಥೆ.

ಇನ್ನು ನಮ್ಮ ದೇಶ. ಇಲ್ಲಿ ಒಟ್ಟು ಲೆಕ್ಕ ತೆಗೆಯುವುದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ನಾವೆಲ್ಲ ಡಿಎಸ್‌ಟಿ ಅನ್ನುವುದು. ಅದರ ಪ್ರಕಾರ 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು 1,27,381 ಕೋಟಿ ರೂಪಾಯಿ. ಜಿಡಿಪಿಯ ಶೇ. 0.64. ಇದರಲ್ಲಿ ಕೇಂದ್ರ ಸರಕಾರದ ಪಾಲು ಶೇ. 43.7, ಖಾಸಗಿ ಉದ್ಯಮದ್ದು ಶೇ. 36.4, ರಾಜ್ಯ ಸರಕಾರಗಳದ್ದು ಶೇ. 6.7, ಉನ್ನತ ಶಿಕ್ಷಣದ್ದು ಶೇ. 8.8. ಲೆಕ್ಕ ಹಾಕಿದರೆ ದೇಶದ ಎಲ್ಲ ವಿಶ್ವವಿದ್ಯಾನಿಲಯ, ಐಐಟಿ, ಎನ್‌ಐಟಿ ಸೇರಿ ಸುಮಾರು 11,200 ಕೋಟಿ. ಮೇಲಿನ ಹಾಪ್‌ಕಿನ್ಸ್‌ನ ಮೊತ್ತ ಇದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ವರ್ಷ ಬೇರೆ ಬೇರೆ, ಡಾಲರ್ ರೇಟಿನ ಏರುಪೇರೂ ಇದೆ. ಆದರೂ ಅಂದಾಜು ಸಿಗುತ್ತದೆ.

ಇಲ್ಲಿ ಎಲ್ಲರೂ ಹೇಳುವ ಮಾತೊಂದಿದೆ: ನಮ್ಮಲ್ಲಿ ವಿಶ್ವವಿದ್ಯಾನಿಲಯಗಳಿಗೆ ಸಿಗುವ ಪಾಲೇ ಕಡಿಮೆ ಅಂತ. ಅಷ್ಟು ಸರಳವಲ್ಲ. ಅಮೆರಿಕದಲ್ಲೂ ಒಟ್ಟು ಸಂಶೋಧನಾ ಖರ್ಚಿನಲ್ಲಿ ವಿಶ್ವವಿದ್ಯಾನಿಲಯಗಳದ್ದು ಸುಮಾರು ಹತ್ತರಲ್ಲೊಂದು ಪಾಲು. ಪಾಲು ಹೆಚ್ಚುಕಡಿಮೆ ನಮ್ಮಷ್ಟೇ. ಒಟ್ಟು ಗಂಟಿನಲ್ಲಿ ವ್ಯತ್ಯಾಸ. ಅವರದ್ದು ಜಿಡಿಪಿಯ ಶೇ. 3ಕ್ಕಿಂತ ಮೇಲೆ, ದಕ್ಷಿಣ ಕೊರಿಯಾದ್ದು ಶೇ. 5ರ ಆಸುಪಾಸು. ಅಲ್ಲಿ ಕಂಪನಿಗಳೇ ಹೆಚ್ಚಿನ ಖರ್ಚು ಮಾಡುತ್ತವೆ. ನಮ್ಮಲ್ಲಿ ಸರಕಾರ ಹಾಕುವ ದುಡ್ಡಿನಲ್ಲಿ ದೊಡ್ಡ ಭಾಗ ಡಿಆರ್‌ಡಿಒ, ಬಾಹ್ಯಾಕಾಶ, ಕೃಷಿ ಸಂಶೋಧನೆ, ಅಣುಶಕ್ತಿ ಇಲಾಖೆಗಳ ಸ್ವಂತ ಲ್ಯಾಬುಗಳಿಗೇ ಹೋಗುತ್ತದೆ.

ನಮ್ಮ ಕರಾವಳಿಯಲ್ಲೇ ನೋಡಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಅದರದೇ ವಿಟ್ಲದ ಕೇಂದ್ರ. ಗೇರು, ತೆಂಗು, ಅಡಿಕೆಯ ಮೇಲೆ ಈ ಭಾಗದಲ್ಲಿ ನಡೆಯುವ ಗಟ್ಟಿ ಕೆಲಸ ಅಲ್ಲಿದೆ. ಅವು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ, ಅಂದರೆ ಐಸಿಎಆರ್‌ನ ಸಂಸ್ಥೆಗಳು, ಅವುಗಳ ಒಂದು ರೂಪಾಯಿಯೂ ಯಾವ ವಿಶ್ವವಿದ್ಯಾನಿಲಯದ ಲೆಕ್ಕಕ್ಕೂ ಸೇರುವುದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನದು ಇನ್ನೂ ತಮಾಷೆ. 1969ರಿಂದ ಇಲ್ಲೇ ಇದೆ, ಇಲ್ಲಿನ ಸಮುದ್ರದ ಮೀನು, ಸಿಗಡಿಯನ್ನೇ ಓದುತ್ತದೆ. ಆದರೆ ಅದು ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಪಶು ಮತ್ತು ಮೀನುಗಾರಿಕಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಅಂದರೆ ಮಂಗಳೂರಿನ ಮೀನಿನ ಸಂಶೋಧನೆ, ಪಟ್ಟಿಯಲ್ಲಿ ಸಮುದ್ರವೇ ಕಾಣದ ಬೀದರಿನ ಹೆಸರಿನಲ್ಲಿ ಬರುತ್ತದೆ. ಹಾಗೆಯೇ ಮಂಗಳೂರಿನ ಕೆಎಂಸಿ ಮಣಿಪಾಲದ ಲೆಕ್ಕಕ್ಕೆ ಸೇರುತ್ತದೆ. ಆದರೆ ಮಣಿಪಾಲದ ಹೆಸರೇ ಇರುವ ಜೈಪುರ ಮತ್ತು ಸಿಕ್ಕಿಂನವು ಬೇರೆ ವಿಶ್ವವಿದ್ಯಾನಿಲಯಗಳು, ಅವುಗಳ ಲೆಕ್ಕ ಬೇರೆ.

ಈಗ ನಾನು ಹೇಳಿದ ಆ ದಾಖಲೆಗೆ ಬರುತ್ತೇನೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ನೀವೂ ಪೇಪರಿನಲ್ಲಿ ನೋಡಿರುತ್ತೀರಿ. 2024ರಲ್ಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಬೆಂಗಳೂರಿನ ಐಐಎಸ್‌ಸಿ ಮೊದಲು, ಮಣಿಪಾಲ ನಾಲ್ಕನೆಯದು. ಅದೇ ವರ್ಷ ಎಂಜಿನಿಯರಿಂಗ್ ಪಟ್ಟಿಯಲ್ಲಿ ಎನ್‌ಐಟಿಕೆ ಹದಿನೇಳನೆಯದು. ಪಟ್ಟಿಯೇ ಬೇರೆ ಬೇರೆ, ಹಾಗಾಗಿ ನಾಲ್ಕನ್ನೂ ಹದಿನೇಳನ್ನೂ ಹೋಲಿಸಿ ಮಾತಾಡಿ ಪ್ರಯೋಜನವಿಲ್ಲ.

ಈ ರ‍್ಯಾಂಕು ಸಂಶೋಧನಾ ಹಣದ ರ‍್ಯಾಂಕು ಅಂದುಕೊಂಡರೆ ತಪ್ಪಾಗುತ್ತದೆ. ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ 100 ಅಂಕಗಳಿಗೆ ಬೋಧನೆ ಮತ್ತು ಸೌಕರ್ಯಕ್ಕೆ 30, ಸಂಶೋಧನೆಗೆ 30, ಪದವಿ ಮುಗಿಸಿದವರ ಫಲಿತಾಂಶಕ್ಕೆ 20, ಎಲ್ಲರನ್ನೂ ಒಳಗೊಳ್ಳುವುದಕ್ಕೆ 10, ಜನರ ಅಭಿಪ್ರಾಯಕ್ಕೆ 10. ಸಂಶೋಧನೆಯ ಆ 30ರಲ್ಲಿ ಹೆಚ್ಚಿನದು ಪ್ರಬಂಧಗಳ ಸಂಖ್ಯೆ ಮತ್ತು ಗುಣಮಟ್ಟಕ್ಕೆ ಹೋಗುತ್ತದೆ, ಸ್ವಲ್ಪ ಪೇಟೆಂಟಿಗೆ. ಹೊರಗಿನಿಂದ ತಂದ ಪ್ರಾಜೆಕ್ಟ್ ಹಣ ಮತ್ತು ಕನ್ಸಲ್ಟೆನ್ಸಿಗೆ ಉಳಿಯುವುದು ಒಟ್ಟು 100ರಲ್ಲಿ 5 ಅಂಕಕ್ಕೂ ಕಡಿಮೆ. ಅಂದರೆ ಸಂಸ್ಥೆಯ ಬಗ್ಗೆ ಜನ ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕೆ ಸಿಗುವ ಅಂಕ, ಅದು ಕಷ್ಟಪಟ್ಟು ತಂದ ಪ್ರಾಜೆಕ್ಟ್ ಹಣಕ್ಕೆ ಸಿಗುವುದರ ಎರಡು ಪಟ್ಟಿಗೂ ಜಾಸ್ತಿ. ನನಗಂತೂ ಇದು ಸರಿ ಕಾಣುವುದಿಲ್ಲ.

ರ‍್ಯಾಂಕಿಗಿಂತ ಉಪಯೋಗದ್ದು ಅದರ ಹಿಂದಿರುವ ಡೇಟಾ. ಸ್ಥಾನ ಪಡೆದ ಪ್ರತಿ ಸಂಸ್ಥೆ ಸಲ್ಲಿಸಿದ ಮಾಹಿತಿಯ ಪಿಡಿಎಫ್ ಎನ್‌ಐಆರ್‌ಎಫ್ ವೆಬ್‌ಸೈಟಿನಲ್ಲಿ ಇರುತ್ತದೆ. ಸಂಸ್ಥೆಗಳೂ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಶುರುವಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆ, ಪ್ಲೇಸ್‌ಮೆಂಟ್ ಇತ್ಯಾದಿ. ಅದನ್ನು ದಾಟಿ ಮುಂದೆ ಹೋಗಿ. ಪಿಎಚ್‌ಡಿ ವಿದ್ಯಾರ್ಥಿಗಳು ಪೂರ್ಣಾವಧಿ ಎಷ್ಟು, ಅರೆಕಾಲಿಕ ಎಷ್ಟು ಅಂತ ಒಂದು ಕೋಷ್ಟಕ. ಆಮೇಲೆ ಮೂರು ವರ್ಷದ ಖರ್ಚು: ಲೈಬ್ರರಿಗೆ ಎಷ್ಟು, ಲ್ಯಾಬಿನ ಹೊಸ ಉಪಕರಣಕ್ಕೆ ಎಷ್ಟು, ಸಂಬಳಕ್ಕೆ ಎಷ್ಟು, ನಿರ್ವಹಣೆಗೆ ಎಷ್ಟು. ಇನ್ನೂ ಕೆಳಗೆ ಪ್ರಾಯೋಜಿತ ಸಂಶೋಧನೆಯ ಕೋಷ್ಟಕ. ಪ್ರತಿ ವರ್ಷ ಎಷ್ಟು ಪ್ರಾಜೆಕ್ಟು, ಎಷ್ಟು ಏಜೆನ್ಸಿ ಹಣ ಕೊಟ್ಟವು, ಒಟ್ಟು ಎಷ್ಟು ರೂಪಾಯಿ ಬಂತು. ಮೊತ್ತವನ್ನು ಚೆಕ್ಕಿನಲ್ಲಿ ಬರೆದ ಹಾಗೆ ಅಕ್ಷರದಲ್ಲೂ ಬರೆದಿರುತ್ತಾರೆ. ಅದರ ಪಕ್ಕದಲ್ಲೇ ಕನ್ಸಲ್ಟೆನ್ಸಿಯ ಕೋಷ್ಟಕ. ಕೊನೆಯ ಕಡೆ ಅಧ್ಯಾಪಕರ ವಿವರ.

ಆ ಕೋಷ್ಟಕದಲ್ಲಿರುವುದು ಬಂದ ಹಣ, ಖರ್ಚಾದ ಹಣ ಅಲ್ಲ. ನೀವು ಬ್ಯಾಂಕಿನಲ್ಲಿದ್ದವರು, ಸಾಲ ಮಂಜೂರಾಗುವುದು ಬೇರೆ, ಕಂತು ಬಿಡುಗಡೆಯಾಗುವುದು ಬೇರೆ, ಗಿರಾಕಿ ಅದನ್ನು ಯಾವುದಕ್ಕೆ ಖರ್ಚು ಮಾಡಿದ ಅನ್ನುವುದು ಇನ್ನೂ ಬೇರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪ್ರಾಜೆಕ್ಟಿನಲ್ಲೂ ಹಾಗೆಯೇ. ಪೇಪರಿನಲ್ಲಿ ಇಂಥ ವಿಭಾಗಕ್ಕೆ ಮೂರು ಕೋಟಿ ಅನುದಾನ ಅಂತ ಬಂದರೆ ಅದು ಮಂಜೂರಾತಿ. ಮೊದಲ ಕಂತು ಬರುತ್ತದೆ. ಅದರ ಹಣಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ಕೊಟ್ಟ ಮೇಲೆ ಎರಡನೇ ಕಂತು. ಯುಸಿಗೆ ಹಣಕಾಸು ಅಧಿಕಾರಿಯ ಸಹಿ ಬೇಕು. ಸಹಿಗೆ ಬಿಲ್ಲೆಲ್ಲ ಸರಿಯಿರಬೇಕು. ಒಂದು ಬಿಲ್ಲು ತಪ್ಪು ಹೆಡ್ಡಿಗೆ ಹೋಗಿದ್ದರೂ ಫೈಲು ವಾಪಸು.

ಮಾರ್ಚ್ ತಿಂಗಳಲ್ಲಿ ಯಾವುದಾದರೂ ವಿಶ್ವವಿದ್ಯಾನಿಲಯದ ಪ್ರಾಜೆಕ್ಟ್ ಸೆಕ್ಷನ್ನಿಗೆ ಹೋಗಿ ನೋಡಿ. 31ರೊಳಗೆ ಖರ್ಚಾಗದ ಹಣದ ಲೆಕ್ಕ ಕೊಡಬೇಕು. ಉಪಕರಣಕ್ಕೆ ಟೆಂಡರ್ ಕರೆದಿರುತ್ತಾರೆ, ಮೂರು ಕೊಟೇಶನ್ನಿನಲ್ಲಿ ಒಂದು ಬಂದಿರುವುದಿಲ್ಲ. ಕೆಮಿಕಲ್‌ನ ಆರ್ಡರ್ ಹೋಗಿದೆ, ಮಾಲು ಬಂದಿಲ್ಲ. ಮಾಲು ಬಾರದೆ ಸ್ಟಾಕ್ ರಿಜಿಸ್ಟರಿನಲ್ಲಿ ಎಂಟ್ರಿ ಆಗುವುದಿಲ್ಲ, ಎಂಟ್ರಿ ಇಲ್ಲದೆ ಬಿಲ್ಲು ಪಾಸಾಗುವುದಿಲ್ಲ. ಪ್ರೊಫೆಸರು ಫೋನ್ ಮೇಲೆ ಫೋನ್. ಹಣ ಉಳಿದರೆ ಅದನ್ನು ವಾಪಸು ಮಾಡಬೇಕು, ಇಲ್ಲವೇ ಮುಂದಿನ ಕಂತಿನಲ್ಲಿ ಮುರಿದುಕೊಳ್ಳುತ್ತಾರೆ. ಹಾಗಾಗಿ ಒಂದು ವರ್ಷದ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ದೊಡ್ಡ ಉಪಕರಣದ ಕಂತು ಆ ವರ್ಷ ಬಂದಿದ್ದರೆ ಮೊತ್ತ ಧುತ್ತೆಂದು ಏರಿರುತ್ತದೆ. ಮೂರು ವರ್ಷದ ಸರಾಸರಿ ತೆಗೆಯಿರಿ.

ಖರ್ಚು ಏರಿದ ಮಾತ್ರಕ್ಕೆ ಕೆಲಸ ಏರಿತು ಅಂತಲೂ ಇಲ್ಲ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಕ್ಕೆ ಮೊದಲು ಶೇ. 5ರ ರಿಯಾಯಿತಿ ಜಿಎಸ್‌ಟಿ ಇತ್ತು. 2022ರ ಜುಲೈಯಲ್ಲಿ ಆ ರಿಯಾಯಿತಿ ಹೋಗಿ ಶೇ. 18 ಆಯಿತು. ಒಂದು ಕೋಟಿಯ ಯಂತ್ರಕ್ಕೆ 13 ಲಕ್ಷ ಜಾಸ್ತಿ. ಯಂತ್ರ ಅದೇ, ಲೆಕ್ಕದಲ್ಲಿ ಮಾತ್ರ ಆ ವಿಭಾಗ ಹೆಚ್ಚು ಖರ್ಚು ಮಾಡಿದ ಹಾಗೆ ಕಾಣುತ್ತದೆ. ಸಂಶೋಧನಾ ಅನುದಾನದ ಮೇಲೇ ಜಿಎಸ್‌ಟಿ ಕೇಳಿ ಕೆಲವು ಸಂಸ್ಥೆಗಳಿಗೆ ನೋಟಿಸ್ ಹೋಗಿದ್ದೂ ಉಂಟು. 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಅದಕ್ಕೆ ವಿನಾಯಿತಿ ಕೊಟ್ಟ ಮೇಲೆ ಎಲ್ಲರೂ ಉಸಿರು ಬಿಟ್ಟರು.

ಅಮೆರಿಕದ ಅಂಕಿಯೊಂದಿಗೆ ನಮ್ಮದನ್ನು ಹೋಲಿಸುವಾಗ ಇನ್ನೊಂದು ಎಡವಟ್ಟಿದೆ. ಅಲ್ಲಿ ಅಧ್ಯಾಪಕರ ಸಂಬಳದಲ್ಲಿ ಪ್ರಾಜೆಕ್ಟಿನಿಂದ ಬರುವ ಭಾಗವೂ ಸಂಶೋಧನಾ ಖರ್ಚಿನಲ್ಲಿ ಸೇರುತ್ತದೆ. ಕಟ್ಟಡ, ಕರೆಂಟು, ಆಫೀಸು ಅಂತ ಓವರ್‌ಹೆಡ್ ಕೂಡ ದೊಡ್ಡ ಮೊತ್ತದಲ್ಲಿ ಸೇರುತ್ತದೆ. ಸಂಸ್ಥೆಗಳು ಸ್ವಂತ ಜೇಬಿನಿಂದ ಹಾಕುವುದು ಒಟ್ಟು ಖರ್ಚಿನ ಸುಮಾರು ಕಾಲು ಭಾಗ. ಅದೂ ಲೆಕ್ಕದಲ್ಲಿದೆ. ನಮ್ಮಲ್ಲಿ ಎನ್‌ಐಟಿಕೆಯ ಪ್ರೊಫೆಸರಿಗೆ ಸಂಬಳ ಬರುವುದು ಶಿಕ್ಷಣ ಸಚಿವಾಲಯದ ಅನುದಾನದಿಂದ. ಕೊಣಾಜೆಯ ಪ್ರೊಫೆಸರಿಗೆ ರಾಜ್ಯ ಸರಕಾರದಿಂದ. ಅವರು ದಿನದ ಅರ್ಧ ಲ್ಯಾಬಿನಲ್ಲಿ ಕಳೆದರೂ ಆ ಸಂಬಳ ಪ್ರಾಯೋಜಿತ ಸಂಶೋಧನೆಯ ಕೋಷ್ಟಕಕ್ಕೆ ಬರುವುದಿಲ್ಲ. ಕೆಲಸ ಶುರು ಮಾಡಲು ಸಂಸ್ಥೆ ತನ್ನ ಅಧ್ಯಾಪಕರಿಗೆ ಕೊಡುವ ಸೀಡ್ ಗ್ರಾಂಟೂ ಅಲ್ಲಿ ಕಾಣುವುದಿಲ್ಲ. ಹಾಗಾಗಿ ಡಾಲರಿಗೆ ರೂಪಾಯಿ ಹಾಕಿ ಗುಣಿಸಿ ನಿಟ್ಟುಸಿರು ಬಿಡುವುದು ಅರ್ಧ ಸತ್ಯ ಮಾತ್ರ.

ನಮ್ಮ ಮೂರು ಸಂಸ್ಥೆಗಳಿಗೆ ಹಣ ಬರುವ ದಾರಿಯೂ ಬೇರೆ ಬೇರೆ. ಎನ್‌ಐಟಿಕೆ ಕೇಂದ್ರದ ಸಂಸ್ಥೆ. ಸಂಬಳ, ಕಟ್ಟಡ, ಪಿಎಚ್‌ಡಿ ವಿದ್ಯಾರ್ಥಿಗಳ ಫೆಲೋಶಿಪ್ಪಿನ ಒಂದು ಭಾಗ, ಇವಕ್ಕೆ ದೆಹಲಿಯಿಂದ ಹಣ ಇದೆ. ಪ್ರಾಜೆಕ್ಟು ಅದರ ಮೇಲೆ. ಮಣಿಪಾಲ ಖಾಸಗಿ ಡೀಮ್ಡ್ ವಿಶ್ವವಿದ್ಯಾನಿಲಯ, 1993ರಿಂದ. ಅದಕ್ಕೆ ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್ ಅನ್ನುವ, ಆಯ್ದ ಸಂಸ್ಥೆಗಳಿಗೆ ಕೇಂದ್ರ ಕೊಡುವ ಸ್ಥಾನ ಸಿಕ್ಕಿದೆ, ಅದರ ಜೊತೆ ಕೇಂದ್ರದಿಂದ ಸಾವಿರ ಕೋಟಿಯೂ ಬಂದಿರಬೇಕು ಅಂದುಕೊಳ್ಳುವವರಿದ್ದಾರೆ. ಹಾಗಿಲ್ಲ. ಆ ಯೋಜನೆಯಲ್ಲಿ ಸಾವಿರ ಕೋಟಿವರೆಗಿನ ನೆರವು ಸರಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರಿಗೆ ಸಿಗುವುದು ಸ್ವಾಯತ್ತತೆ. ಮಣಿಪಾಲ ತರುವ ಪ್ರಾಜೆಕ್ಟ್ ಹಣ ಸ್ಪರ್ಧೆಯಲ್ಲಿ ಗೆದ್ದು ತರಬೇಕಾದದ್ದು. ಉಳಿದದ್ದು ಫೀಸು ಮತ್ತಿತರ ಸ್ವಂತ ಆದಾಯ.

ಮಂಗಳೂರು ವಿಶ್ವವಿದ್ಯಾನಿಲಯದ ಪರಿಸ್ಥಿತಿ ಮೂರರಲ್ಲಿ ಕಷ್ಟದ್ದು. ಇದು ಮಂಗಳೂರಿನದು ಮಾತ್ರವಲ್ಲ, ರಾಜ್ಯದ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳ ಕತೆ. ರಾಜ್ಯ ಕೊಡುವ ಹಣ ಸಂಬಳಕ್ಕೇ ಸರಿಹೋಗುತ್ತದೆ. ಅಧ್ಯಾಪಕರು ನಿವೃತ್ತರಾದ ಜಾಗ ಖಾಲಿ ಉಳಿಯುತ್ತದೆ. ಕಾಯಂ ಅಧ್ಯಾಪಕರಿಲ್ಲದೆ ಪ್ರಾಜೆಕ್ಟಿಗೆ ಅರ್ಜಿ ಹಾಕುವವರು ಯಾರು? ಅತಿಥಿ ಉಪನ್ಯಾಸಕರಿಗೆ ಸಾಮಾನ್ಯವಾಗಿ ಪ್ರಾಜೆಕ್ಟು ಕೊಡುವುದಿಲ್ಲ. ಹಣ ಇಳಿಯುವುದು ಹೀಗೆ, ಜನ ಇಳಿದ ಮೇಲೆ. ಆದರೆ ಕೊಣಾಜೆಯನ್ನು ಕಡೆಗಣಿಸಬೇಡಿ. ಅಣುಶಕ್ತಿ ಇಲಾಖೆಯ ನೆರವಿನಿಂದ ಅಲ್ಲಿ 8 ಎಂಇವಿಯ ಮೈಕ್ರೋಟ್ರಾನ್ ಅನ್ನುವ ಎಲೆಕ್ಟ್ರಾನ್ ವೇಗವರ್ಧಕ ಸ್ಥಾಪನೆಯಾಯಿತು. ರಾಜ್ಯ ವಿಶ್ವವಿದ್ಯಾನಿಲಯವೊಂದರಲ್ಲಿ ಅಂಥದ್ದು ಅಪರೂಪ. ಪರಿಸರದಲ್ಲಿನ ವಿಕಿರಣದ ಅಳತೆಯಲ್ಲಿ ಅಲ್ಲಿನ ಭೌತಶಾಸ್ತ್ರದವರಿಗೆ ಒಳ್ಳೆಯ ಹೆಸರಿದೆ. ಒಟ್ಟು ಮೊತ್ತ ಸಣ್ಣದಿದ್ದರೂ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತವರು ಇರುತ್ತಾರೆ. ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ.

ಮುಂದೆ ಇದು ಬದಲಾಗಬಹುದೇ? ಸಂಶೋಧನೆಗೆ ಹಣ ಕೊಡಲು ಎಎನ್‌ಆರ್‌ಎಫ್ ಅಂತ ಒಂದು ಹೊಸ ಪ್ರತಿಷ್ಠಾನ 2023ರ ಕಾಯಿದೆಯಿಂದ ಬಂದಿದೆ. ಮೊದಲು ಪ್ರಾಜೆಕ್ಟುಗಳಿಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಸರ್ಬ್ ಅದರಲ್ಲಿ ಸೇರಿಹೋಗಿದೆ. ಐದು ವರ್ಷಕ್ಕೆ 50,000 ಕೋಟಿ ಅಂತ ಘೋಷಣೆ. ಅದರಲ್ಲಿ ಸರಕಾರ ಹಾಕುವುದು 14,000 ಕೋಟಿ, ಉಳಿದದ್ದು ಉದ್ಯಮ, ದಾನಿಗಳು ಮತ್ತಿತರರಿಂದ ಬರಬೇಕು. ಆ ಉಳಿದದ್ದರ ಬಗ್ಗೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ದೊಡ್ಡ ಸಂಸ್ಥೆಗಳ ಜೊತೆ ರಾಜ್ಯ ವಿಶ್ವವಿದ್ಯಾನಿಲಯಗಳನ್ನು ಜೋಡಿಸಿ ಹಣ ಕೊಡುವ ಅದರ ಪೇರ್ ಯೋಜನೆ ಮಾತ್ರ ಸರಿಯಾದ ದಿಕ್ಕಿನದು.

ಇನ್ನು ಹೋಲಿಕೆ ಮಾಡುವ ಬಗೆ. ಒಟ್ಟು ಮೊತ್ತವನ್ನು ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ, ಇದು ಯಾವ ಸಂಸ್ಥೆಯ ಅಂಕಿಯೂ ಅಲ್ಲ: 2,000 ಅಧ್ಯಾಪಕರಿರುವ ಸಂಸ್ಥೆಗೆ ವರ್ಷಕ್ಕೆ 100 ಕೋಟಿ ಬಂದರೆ ತಲೆಗೆ 5 ಲಕ್ಷ. 300 ಅಧ್ಯಾಪಕರಿರುವ ಕಡೆ 30 ಕೋಟಿ ಬಂದರೆ ತಲೆಗೆ 10 ಲಕ್ಷ. ಪೇಪರಿನಲ್ಲಿ ಮೊದಲನೆಯದು ದೊಡ್ಡದು. ಲ್ಯಾಬಿನೊಳಗೆ ಎರಡನೆಯದು. ಆಮೇಲೆ ಅದೇ ಮೊತ್ತವನ್ನು ಪೂರ್ಣಾವಧಿ ಪಿಎಚ್‌ಡಿ ವಿದ್ಯಾರ್ಥಿಗಳ ಸಂಖ್ಯೆಯಿಂದಲೂ ಭಾಗಿಸಿ. ಏಜೆನ್ಸಿಗಳ ಸಂಖ್ಯೆಯನ್ನೂ ನೋಡಿ. ಮೊತ್ತ ದೊಡ್ಡದಿದ್ದು ಏಜೆನ್ಸಿ ಒಂದೆರಡೇ ಇದ್ದರೆ, ಆ ಕೊಳವೆ ಬಂದ್ ಆದ ದಿನ ಎಲ್ಲವೂ ನಿಲ್ಲುತ್ತದೆ. ಜಾನ್ಸ್ ಹಾಪ್‌ಕಿನ್ಸ್‌ನಂಥ ಹಾಪ್‌ಕಿನ್ಸೇ 2025ರಲ್ಲಿ ಅಮೆರಿಕ ಸರಕಾರದ ವಿದೇಶಿ ನೆರವಿನ ಸಂಸ್ಥೆಯಿಂದ ಬರುತ್ತಿದ್ದ 80 ಕೋಟಿ ಡಾಲರಿಗೂ ಹೆಚ್ಚು ಹಣ ನಿಂತಾಗ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಬೇಕಾಯಿತು.

ಹೋಲಿಸುವುದಿದ್ದರೆ ಎನ್‌ಐಟಿಕೆಯನ್ನು ತಿರುಚ್ಚಿ, ವಾರಂಗಲ್, ರೂರ್ಕೆಲಾದಂಥ ಕಡೆಗಳೊಂದಿಗೆ ಹೋಲಿಸಿ. ಮಣಿಪಾಲವನ್ನು ಮೆಡಿಕಲ್ ಕಾಲೇಜು ಇರುವ ಬೇರೆ ಖಾಸಗಿ ವಿಶ್ವವಿದ್ಯಾನಿಲಯಗಳೊಂದಿಗೆ. ಕೊಣಾಜೆಯನ್ನು ಮೈಸೂರು, ಕುವೆಂಪು, ಕರ್ನಾಟಕ ವಿಶ್ವವಿದ್ಯಾನಿಲಯಗಳೊಂದಿಗೆ. ರಾಜ್ಯ ಸರಕಾರಿ ವಿಶ್ವವಿದ್ಯಾನಿಲಯಗಳಿಗೆ ಅಂತಲೇ 2024ರಿಂದ ಎನ್‌ಐಆರ್‌ಎಫ್‌ನಲ್ಲಿ ಬೇರೆ ಪಟ್ಟಿ ಬಂದಿದೆ, ಒಳ್ಳೆಯ ಕೆಲಸ. ಅಣುಶಕ್ತಿ ಇಲಾಖೆಯ ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಎದುರು ಯಾರನ್ನೂ ಇಡಬೇಡಿ. ಅದು ಕೂಡ ವಿಶ್ವವಿದ್ಯಾನಿಲಯವೇ, ಆದರೆ ಅದರ ಕೆಳಗೆ ಬಾರ್ಕ್‌ನಂಥ (ಭಾಭಾ ಅಣು ಸಂಶೋಧನಾ ಕೇಂದ್ರ) ದೈತ್ಯ ಸಂಸ್ಥೆಗಳಿವೆ. ಹಾಪ್‌ಕಿನ್ಸ್‌ನ ಲ್ಯಾಬಿನ ಕತೆಯ ನಮ್ಮ ದೇಶದ ರೂಪ ಅದು.

ಕೊನೆಗೆ ಮಗಳ ವಿಷಯ. ಸಂಸ್ಥೆಯ ಒಟ್ಟು ಮೊತ್ತದಿಂದ ಅವಳಿಗೆ ನೇರವಾಗಿ ಆಗುವುದು ತುಂಬ ಕಡಿಮೆ. ಮಣಿಪಾಲದ ಒಟ್ಟು ಹಣದಲ್ಲಿ ವೈದ್ಯಕೀಯದ ಪಾಲು ಎಷ್ಟು ದೊಡ್ಡದಿದ್ದರೂ ಅದು ರಸಾಯನಶಾಸ್ತ್ರದ ಫ್ಯೂಮ್‌ಹುಡ್‌ಗೆ ಬರುವುದಿಲ್ಲ. ಅವಳಿಗೆ ಮುಖ್ಯ ಮೂರು: ತಿಂಗಳ ಫೆಲೋಶಿಪ್, ಕೆಮಿಕಲ್‌ಗೆ ದುಡ್ಡು, ಉಪಕರಣ.

ಫೆಲೋಶಿಪ್‌ನಿಂದ ಶುರು ಮಾಡಿ. 2023ರ ಜನವರಿಯಿಂದ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್, ತಿಂಗಳಿಗೆ 37,000 ರೂ., ಎರಡು ವರ್ಷದ ಮೇಲೆ ಸೀನಿಯರ್, ಅಂದರೆ ಎಸ್‌ಆರ್‌ಎಫ್, ಆದರೆ 42,000 ರೂ. ಐದು ವರ್ಷಕ್ಕೆ ಲೆಕ್ಕ ಹಾಕಿ, ಮನೆಬಾಡಿಗೆ ಭತ್ಯೆ ಬಿಟ್ಟು 24 ಲಕ್ಷ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ ಬರೆದು ಅವಳೇ ಜೆಆರ್‌ಎಫ್ ತೆಗೆದರೆ ಈ ಹಣ ಅವಳ ಹೆಸರಿನಲ್ಲಿ ಬರುತ್ತದೆ, ಸಣ್ಣಪುಟ್ಟ ಖರ್ಚಿಗೆ ಕಂಟಿಂಜೆನ್ಸಿಯೂ ಇರುತ್ತದೆ, ಸಿಎಸ್‌ಐಆರ್ ಫೆಲೋಗಳಿಗೆ ವರ್ಷಕ್ಕೆ 20,000 ರೂ. ಆಗ ಗೈಡ್ ಆರಿಸುವ ಸ್ವಾತಂತ್ರ್ಯ ಅವಳದ್ದು. ಪ್ರಾಜೆಕ್ಟಿನ ಜೆಆರ್‌ಎಫ್ ಆಗಿ ಸೇರಿದರೆ ಬೇರೆ ಲೆಕ್ಕ. ಪ್ರಾಜೆಕ್ಟು ಸಾಮಾನ್ಯವಾಗಿ ಮೂರು ವರ್ಷ, ಪಿಎಚ್‌ಡಿ ನಾಲ್ಕೈದು ವರ್ಷ. ಸೇರುವಾಗ ಪ್ರಾಜೆಕ್ಟಿನ ಒಂದು ವರ್ಷ ಕಳೆದಿದ್ದರೆ ಉಳಿದದ್ದು ಎರಡೇ. ಆಮೇಲಿನ ಎರಡು ಮೂರು ವರ್ಷ ಊಟ, ಬಾಡಿಗೆ ಯಾರು ಕೊಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಬೇಕು. ಕಂತು ತಡವಾದರೆ ಸ್ಟೈಪೆಂಡ್ ತಿಂಗಳುಗಟ್ಟಲೆ ನಿಲ್ಲುವುದೂ ಇದೆ. ಆ ಮಧ್ಯೆ ಸಂಸ್ಥೆ ತನ್ನ ಹಣದಿಂದ ಮುಂಗಡ ಕೊಡುತ್ತದೆಯೇ ಅನ್ನುವುದು ರ‍್ಯಾಂಕಿಗಿಂತ ಮುಖ್ಯ. ಇದನ್ನು ಗೈಡ್ ಹತ್ತಿರ ಕೇಳುವ ಬದಲು ಅಲ್ಲಿ ಈಗ ಮೂರನೇ ವರ್ಷದಲ್ಲಿರುವ ವಿದ್ಯಾರ್ಥಿಗಳ ಹತ್ತಿರ ಕೇಳಲಿ. ಕ್ಯಾಂಟೀನಿನಲ್ಲಿ ಒಂದು ಚಾ ಕುಡಿದರೆ ಎಲ್ಲ ಗೊತ್ತಾಗುತ್ತದೆ.

ಉಪಕರಣದ ಬಗ್ಗೆ ಮೊದಲಿನಷ್ಟು ಚಿಂತೆ ಬೇಡ. ಸುರತ್ಕಲ್‌ನಲ್ಲಿ ಸೆಂಟ್ರಲ್ ರಿಸರ್ಚ್ ಫೆಸಿಲಿಟಿ ಇದೆ. 2020ರಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಬೇರೆ ಬೇರೆ ಸಂಸ್ಥೆಗಳ ಎನ್‌ಎಂಆರ್, ಎಕ್ಸ್‌ಆರ್‌ಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪುಗಳನ್ನು ಹುಡುಕಿ, ಶುಲ್ಕ ಕಟ್ಟಿ ಬುಕ್ ಮಾಡಬಹುದು. ಕೊಣಾಜೆಯಲ್ಲಿ ಕೂತು ಬೇರೆಯವರ ಕೋಟಿ ರೂಪಾಯಿಯ ಯಂತ್ರದಲ್ಲಿ ಸ್ಯಾಂಪಲ್ ಓಡಿಸಬಹುದು. ಆದರೆ ಆ ಶುಲ್ಕಕ್ಕೆ ಗೈಡ್ ಹತ್ತಿರ ಚಾಲ್ತಿಯಲ್ಲಿರುವ ಪ್ರಾಜೆಕ್ಟು ಬೇಕು. ಅದಕ್ಕೇ ಅವಳು ಕೇಳಬೇಕಾದ ಪ್ರಶ್ನೆ ಹೀಗಿರಲಿ: ಸರ್, ನಿಮ್ಮ ಈಗಿನ ಪ್ರಾಜೆಕ್ಟು ಯಾವ ಏಜೆನ್ಸಿಯದು, ಯಾವಾಗ ಮುಗಿಯುತ್ತದೆ, ಎಷ್ಟು ಕಂತು ಬಂದಿದೆ? ಕೇಳಲು ಮುಜುಗರ ಬೇಡ. ಒಳ್ಳೆಯ ಗೈಡು ಇದಕ್ಕೆ ಬೇಸರ ಮಾಡುವುದಿಲ್ಲ.

ಮೂರೂ ಸಂಸ್ಥೆಗಳ ಪಿಡಿಎಫ್ ಸಿಕ್ಕರೆ ಇಳಿಸಿಕೊಂಡು ಪ್ರಾಜೆಕ್ಟ್ ಹಣ, ಅಧ್ಯಾಪಕರ ಸಂಖ್ಯೆ, ಪೂರ್ಣಾವಧಿ ಪಿಎಚ್‌ಡಿ ವಿದ್ಯಾರ್ಥಿಗಳ ಸಂಖ್ಯೆ, ಏಜೆನ್ಸಿಗಳ ಸಂಖ್ಯೆ ಇಷ್ಟನ್ನು ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ. ಬ್ಯಾಂಕಿನವರಿಗೆ ಅದು ಒಂದು ಸಂಜೆಯ ಕೆಲಸ. ಯಾವುದಾದರೂ ಅಂಕಿ ವಿಚಿತ್ರವಾಗಿ ಕಂಡರೆ ಬರೆಯಿರಿ, ನೋಡಿ ಹೇಳುತ್ತೇನೆ.